ತಾರಸಿಯ ಚೀಲಕ್ಕೆ ಯಾವ ಟೊಮೆಟೊ? ನಾಟಿ, ಅರ್ಕ ರಕ್ಷಕ್, ಚೆರ್ರಿ ಅಕ್ಕಪಕ್ಕದಲ್ಲಿ

ಬೆಂಗಳೂರಿನ ತಾರಸಿಯಲ್ಲಿ ಟೊಮೆಟೊ ಹಾಕುವವರು ಮೊದಲು ವಿಚಾರಿಸುವುದು ಗೊಬ್ಬರವನ್ನು. ವಿಚಾರಿಸಬೇಕಾದದ್ದು ತಳಿಯನ್ನು, ಅದನ್ನು ಬಿತ್ತುವ ತಿಂಗಳನ್ನು. ಒಂದೇ ಮಣ್ಣು, ಒಂದೇ ಅಳತೆಯ ಚೀಲ, ಒಂದೇ ಬಿಸಿಲು ಕೊಟ್ಟು ಮೂರು ಬಗೆಯನ್ನು ಅಕ್ಕಪಕ್ಕ ಬೆಳೆಸಿ ನೋಡಿದರೆ ಒಂದೊಂದು ಸೋಲುವ ಜಾಗ ಬೇರೆ ಬೇರೆ. ಎಲ್ಲ ಕಾಲಕ್ಕೂ ಗೆಲ್ಲುವ ತಳಿ ಇವುಗಳಲ್ಲಿಲ್ಲ.

ಮೊದಲು ಮೂರಕ್ಕೂ ಸಮಾನವಾದದ್ದು. ಚೀಲ 12 ಇಂಚು ಅಗಲ, 12 ಇಂಚು ಎತ್ತರ, ಅಂದರೆ ಸುಮಾರು 22 ಲೀಟರ್ ಮಣ್ಣು. ಒಂದು ಚೀಲಕ್ಕೆ ಒಂದೇ ಗಿಡ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೇಲೆ 100 ಗ್ರಾಂ ಬೇವಿನ ಹಿಂಡಿ. ಇಟ್ಟಿಗೆಯಂಥ ಕೋಕೋಪೀಟ್ ತಂದರೆ ನೆನೆಸಿ, ಎರಡು ಸಲ ನೀರು ಬಸಿದು ಬಳಸಿ. ಉಪ್ಪಿನಂಶ ಉಳಿದರೆ ಎಳೆ ಎಲೆಯ ಅಂಚು ಸುಡುತ್ತದೆ. ಸಸಿ ಟ್ರೇಯಲ್ಲಿ ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿದ್ದರೆ ಸಾಕು, ವಾರದೊಳಗೆ ಮೊಳೆಯುತ್ತದೆ. ನಾಲ್ಕೈದು ಎಲೆ ಬಂದ ಮೇಲೆ, ಸುಮಾರು 25 ದಿನಕ್ಕೆ, ಕಾಂಡದ ಕೆಳಭಾಗ ಮಣ್ಣಿನೊಳಗೆ ಹೂತುಹೋಗುವಂತೆ ಚೀಲದಲ್ಲಿ ನೆಡಬೇಕು. ಹೂತ ಕಾಂಡದಲ್ಲೂ ಬೇರು ಒಡೆಯುತ್ತದೆ.

ನಾಟಿಯ ರುಚಿಗೆ ಸಾಟಿಯಿಲ್ಲ. ಚಪ್ಪಟೆ ಹಣ್ಣು, ತೊಟ್ಟಿನ ಸುತ್ತ ಮಡಿಕೆ, ತೆಳು ಸಿಪ್ಪೆ, ತುಂಬ ರಸ, ಒಳ್ಳೆ ಹುಳಿ. ಸಾರಿಗೆ ಎರಡು ಹಣ್ಣು ಕಿವುಚಿದರೆ ಹುಣಸೆಹಣ್ಣು ಅರ್ಧಕ್ಕೆ ಇಳಿಯುತ್ತದೆ. ಆದರೆ ಪೂರ್ತಿ ಕೆಂಪಾದ ಹಣ್ಣು ಮೂರ್ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಎಲೆ ಮುಟುರು ರೋಗ, ಸೊರಗು ರೋಗ ಎರಡಕ್ಕೂ ಬೇಗ ಬೀಳುತ್ತದೆ.

ಅರ್ಕ ರಕ್ಷಕ್ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್. ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆಯ ಮೇಲೆ ಉಂಗುರದಂಥ ಕಂದು ಚುಕ್ಕೆ ತರುವ ಮುಂಚಿನ ಅಂಗಮಾರಿ, ಈ ಮೂರಕ್ಕೆ ನಿರೋಧಕ ಶಕ್ತಿ ಇದೆ. ಹಣ್ಣು ಸುಮಾರು 90–100 ಗ್ರಾಂ, ಗಟ್ಟಿ, ಹೊರಗಿಟ್ಟರೂ ಎರಡು ವಾರ ಕೆಡುವುದಿಲ್ಲ. ಗೊಜ್ಜು, ಪಲ್ಯಕ್ಕೆ ಚೆನ್ನ. ಸಾರಿಗೆ ಹುಳಿ ಸಾಲದು. ಚೆರ್ರಿ ಒಂದೊಂದು 10–20 ಗ್ರಾಂ, ಗೊಂಚಲು ಗೊಂಚಲಾಗಿ ಬರುತ್ತದೆ. ಮಕ್ಕಳು ಗಿಡದಲ್ಲೇ ಖಾಲಿ ಮಾಡುವ ಹಣ್ಣು, ಅಡುಗೆಮನೆ ತಲುಪುವುದು ಕಡಿಮೆ.

ಇನ್ನು ತೊಂದರೆಗಳು. ಮುಖ್ಯವಾದದ್ದು ಎಲೆ ಮುಟುರು. ತುದಿ ಎಲೆ ಸಣ್ಣಗಾಗಿ ಮೇಲಕ್ಕೆ ಮುದುಡಿ, ಅಂಚು ಹಳದಿಯಾಗಿ, ಗಿಡ ಕುಳ್ಳಗೆ ಪೊದೆಯಾದರೆ ಅದೇ. ನಂಜನ್ನು ಹರಡುವುದು ಬಿಳಿ ನೊಣ. ಫೆಬ್ರವರಿಯಿಂದ ಮೇವರೆಗೆ ಅದರ ಹಾವಳಿ ಹೆಚ್ಚು. ಒಮ್ಮೆ ಹತ್ತಿದ ನಂಜಿಗೆ ಔಷಧವಿಲ್ಲ. ನೆಟ್ಟ ಮೊದಲ ತಿಂಗಳೊಳಗೆ ಹತ್ತಿದರೆ ಗಿಡ ಕಿತ್ತುಬಿಡಿ, ಅದನ್ನು ಇಟ್ಟುಕೊಂಡರೆ ಪಕ್ಕದ ಗಿಡಗಳಿಗೂ ಹರಡುತ್ತದೆ. ಕಾಯಿ ಕಚ್ಚಿದ ಮೇಲೆ ಹತ್ತಿದ್ದಾದರೆ ಇದ್ದಷ್ಟು ಹಣ್ಣು ಸಿಗುತ್ತದೆ. ಬೇಸಗೆಯಲ್ಲಿ ನಾಟಿ ಸೋಲುವುದು ಇಲ್ಲೇ. ಅದೇ ಸಾಲಿನಲ್ಲಿ ಅರ್ಕ ರಕ್ಷಕ್ ಒಂದಿಷ್ಟು ಸುಕ್ಕು ತೋರಿಸಿಯೂ ಕಾಯಿ ಬಿಡುತ್ತದೆ. ಚೆರ್ರಿಯಲ್ಲಿ ಎಲ್ಲವೂ ಒಂದೇ ಥರ ಅಲ್ಲ, ಪೊಟ್ಟಣದ ಮೇಲೆ ನಿರೋಧಕ ಎಂದು ಬರೆಯದಿದ್ದರೆ ಇಲ್ಲವೆಂದೇ ಲೆಕ್ಕ.

ಯಾವ ತಳಿಯಾದರೂ ಸಸಿ ಹಂತದ ಕಾವಲು ಬಿಡುವಂತಿಲ್ಲ. ಬೀಜ ಬಿತ್ತಿದ ದಿನವೇ ಟ್ರೇಯ ಮೇಲೆ ನೈಲಾನ್ ಬಲೆ ಮುಚ್ಚಿ. ಸೊಳ್ಳೆ ಪರದೆ ಸಾಲದು, ಬಿಳಿ ನೊಣ ಅದರೊಳಗೆ ನುಸುಳುತ್ತದೆ. ಕಣ್ಣು ಸಣ್ಣದಿರುವ 40 ಅಥವಾ 50 ಮೆಶ್ ಬಲೆ ಎಂದು ಕೇಳಿ ತನ್ನಿ. ನೆಟ್ಟ ಮೇಲೆ ಹಳದಿ ಅಂಟು ಹಾಳೆಯನ್ನು ಗಿಡದ ತುದಿಯ ಮಟ್ಟಕ್ಕೆ ಕಟ್ಟಿ. ವಾರಕ್ಕೊಮ್ಮೆ ಲೀಟರ್ ನೀರಿಗೆ 3–5 ಮಿಲಿ ಬೇವಿನೆಣ್ಣೆ, ಅದು ಬೆರೆಯಲು 1 ಮಿಲಿ ಸೋಪಿನ ದ್ರವ, ಸಂಜೆ ಹೊತ್ತು, ಎಲೆಯ ಕೆಳಮೈಗೆ. ಮೇಲ್ಮೈಗೆ ಹೊಡೆದರೆ ನೊಣಕ್ಕೆ ಏನೂ ಆಗುವುದಿಲ್ಲ, ಅದು ಕೂರುವುದು ಕೆಳಗೆ.

ಹಾಗಾದರೆ ಹೈಬ್ರಿಡ್ಡೇ ಹಾಕಿಬಿಡೋಣ ಅನ್ನುವವರಿಗೆ ಮಳೆಗಾಲ ಕಾದಿದೆ. ಅರ್ಕ ರಕ್ಷಕ್ ನಿರೋಧಿಸುವ ಮೂರು ರೋಗಗಳಲ್ಲಿ ತಡವಾದ ಅಂಗಮಾರಿ ಇಲ್ಲ. ಮೋಡ, ಜಡಿಮಳೆ, ಚಳಿ ಸೇರಿದಾಗ ಎಲೆಯ ಮೇಲೆ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ ಎದ್ದು, ನಾಲ್ಕೈದು ದಿನಕ್ಕೆ ಗಿಡ ಸುಟ್ಟಂತಾಗುತ್ತದೆ. ಜೂನ್‌ನಲ್ಲಿ ಬಿತ್ತುವವರು ಅದೇ ಸಂಸ್ಥೆಯ ಅರ್ಕ ಅಭೇದ್ ಹುಡುಕುವುದು ಮೇಲು, ಅದಕ್ಕೆ ತಡವಾದ ಅಂಗಮಾರಿಯ ನಿರೋಧಕ ಶಕ್ತಿಯೂ ಇದೆ. ಬೇರೆ ಯಾವುದೇ ಆದರೂ ಎಲೆಗೆ ಮಳೆ ಬೀಳದ ಕಡೆ ಇಡಿ, ನೆಲದಿಂದ ಒಂದಡಿವರೆಗಿನ ಎಲೆ ತೆಗೆಯಿರಿ, ಮಳೆ ಹಿಡಿಯುವ ಮುಂಚೆಯೇ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಿ. ಮಚ್ಚೆ ಬಂದ ಮೇಲೆ ಹೊಡೆದರೆ ಹಾಳಾದ ಎಲೆ ಮರಳುವುದಿಲ್ಲ.

ಮಧ್ಯಾಹ್ನ ಬಾಡಿ, ಸಂಜೆ ನೀರು ಕೊಟ್ಟರೂ ಏಳದ ಹಸಿರು ಗಿಡಕ್ಕೆ ಸೊರಗು ಬಂದಿರಬಹುದು. ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿದರೆ ದುಂಡಾಣುವಿನ ಸೊರಗು. ಆ ಮಣ್ಣಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಮತ್ತೆ ಹಾಕಬೇಡಿ.

ಕಾಯಿಯ ತಳ ಕಪ್ಪಾಗಿ ಚರ್ಮದಂತೆ ಕುಗ್ಗುವುದು ರೋಗವಲ್ಲ, ನೀರಿನ ಲೆಕ್ಕ ತಪ್ಪಿದ್ದು. ಸುಣ್ಣದಂಶ ನೀರಿನ ಜೊತೆಗಷ್ಟೇ ಕಾಯಿಗೆ ಏರುತ್ತದೆ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ತಳಕ್ಕೆ ಅದು ತಲುಪುವುದಿಲ್ಲ. ಅರ್ಕ ರಕ್ಷಕ್ ಮತ್ತು ನಾಟಿ ಎರಡರಲ್ಲೂ ಇದು ಬರುತ್ತದೆ, ಚೆರ್ರಿಯಲ್ಲಿ ಅಪರೂಪ. ಮೊಟ್ಟೆ ಸಿಪ್ಪೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಅದು ಕರಗುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ. ಎಪ್ಸಂ ಸಾಲ್ಟ್ ಇನ್ನೂ ಕೆಡುಕು, ಅದರ ಮೆಗ್ನೀಸಿಯಂ ಸುಣ್ಣದಂಶಕ್ಕೇ ಅಡ್ಡ ಬರುತ್ತದೆ. ಮಾಡಬೇಕಾದದ್ದು: ಬೇಸಗೆಯಲ್ಲಿ ದೊಡ್ಡ ಗಿಡಕ್ಕೆ ದಿನಕ್ಕೆ 2–3 ಲೀಟರ್ ನೀರು, ಬೆಳಿಗ್ಗೆ ಸಂಜೆ ಹಂಚಿ; ಬುಡಕ್ಕೆ ಎರಡು ಇಂಚು ಒಣಗಿದೆಲೆ ಹೊದಿಕೆ; ಯೂರಿಯಾ ಮುಟ್ಟಬೇಡಿ. ಕೆಟ್ಟ ಕಾಯಿ ಕಿತ್ತರೆ ಮುಂದಿನ ಗೊಂಚಲು ಸರಿಹೋಗುತ್ತದೆ. ಚೆರ್ರಿಯ ಕಾಟ ಬೇರೆ: ಒಣಗಿದ ಮಣ್ಣಿಗೆ ಜೋರು ಮಳೆ ಬಿದ್ದರೆ ಹಣ್ಣು ಸಿಡಿಯುತ್ತದೆ. ಬಣ್ಣ ತಿರುಗಿದಾಗಲೇ ಕಿತ್ತು ಒಳಗೆ ಹಣ್ಣು ಮಾಡುವುದೇ ದಾರಿ.

ನಮ್ಮ ಆಯ್ಕೆ ಹೀಗೆ. ಅಕ್ಟೋಬರ್‌ನಲ್ಲಿ ಬಿತ್ತಿ ನವೆಂಬರ್‌ನಲ್ಲಿ ನೆಡುವುದಾದರೆ ನಾಟಿ. ಹಗುರ ಚಳಿಯಲ್ಲಿ ಹೂ ಉದುರುವುದಿಲ್ಲ, ಬಿಳಿ ನೊಣ ಹೆಚ್ಚುವ ಮೊದಲೇ ಕಾಯಿ ಕಚ್ಚಿರುತ್ತದೆ. ಜನವರಿ–ಫೆಬ್ರವರಿ ಬಿತ್ತನೆಗೆ ಅರ್ಕ ರಕ್ಷಕ್. ಮೊದಲ ಸಲ ಬೆಳೆಯುವವರಿಗೆ, ನೀರು ಒಂದು ಹೊತ್ತು ತಪ್ಪುವ ಮನೆಗೆ, ಚೆರ್ರಿ. ಚೆರ್ರಿ ಗಿಡಕ್ಕೆ ಆರೇಳು ಅಡಿ ಹಗ್ಗ ಇಳಿಬಿಟ್ಟು, ಎಲೆಯ ಕಂಕುಳಲ್ಲಿ ಬರುವ ಚಿಗುರು ಚಿವುಟುತ್ತಿರಬೇಕು.

ಬೀಜ ಉಳಿಸಿಕೊಳ್ಳುವುದು ನಾಟಿಯಲ್ಲಿ ಮಾತ್ರ ಲಾಭ. ಹೈಬ್ರಿಡ್ ಹಣ್ಣಿನ ಬೀಜ, ಅಂಗಡಿ ಹಣ್ಣು ಹಿಂಡಿ ಹಾಕಿದ್ದೂ ಸೇರಿ, ಮೊಳೆಯುತ್ತದೆ. ಆದರೆ ತಾಯಿಗಿಡದ ಗುಣ ಎಲ್ಲದರಲ್ಲೂ ಬರುವುದಿಲ್ಲ. ನಾಟಿಯಲ್ಲಿ ರೋಗವಿಲ್ಲದ ಗಿಡದ ಚೆನ್ನಾಗಿ ಮಾಗಿದ ಹಣ್ಣು ಆರಿಸಿ, ತಿರುಳಿನ ಸಮೇತ ಬೀಜವನ್ನು ಲೋಟದಲ್ಲಿ ಎರಡು ದಿನ ಹುಳಿಯಲು ಬಿಟ್ಟು, ತಳಕ್ಕಿಳಿದ ಬೀಜ ತೊಳೆದು ನೆರಳಲ್ಲಿ ತಟ್ಟೆಯ ಮೇಲೆ ಒಣಗಿಸಿ. ಪೇಪರಿನ ಮೇಲೆ ಹರಡಿದರೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ.