ಸ್ಪ್ಲಿಟ್‌ಬೋರ್ಡೋ, ಸ್ನೋಶೂವೋ?

ಲಿಫ್ಟ್ ಇಲ್ಲದ ಬೆಟ್ಟವನ್ನು ಸ್ವಂತ ಕಾಲಲ್ಲಿ ಹತ್ತಿ ಸ್ನೋಬೋರ್ಡಿನಲ್ಲಿ ಇಳಿಯುವ ಹುಚ್ಚು ನಿಮಗೂ ಹಿಡಿದಿದ್ದರೆ, ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಎರಡು ಹೋಳಾಗಿ ಸ್ಕೀಯಂತಾಗುವ ಸ್ಪ್ಲಿಟ್‌ಬೋರ್ಡನ್ನೇ ಕೊಳ್ಳಿ. ಹಿಮದಲ್ಲಿ ಹೂತುಹೋಗದಂತೆ ಬೂಟಿನಡಿ ಕಟ್ಟುವ ಅಗಲದ ಚೌಕಟ್ಟು, ಅಂದರೆ ಸ್ನೋಶೂ, ಕಟ್ಟಿ, ಮಾಮೂಲಿ ಬೋರ್ಡನ್ನು ಬೆನ್ನಿಗೆ ಹೊತ್ತು ಒಂದು ಚಳಿಗಾಲ ಕಳೆದವನು ನಾನು. ಈಗ ನನ್ನದು ಹಳೆಯ ಸ್ಪ್ಲಿಟ್‌ಬೋರ್ಡ್. ಎರಡನ್ನೂ ಬಳಸಿದ್ದು ಕೊಲೊರಾಡೊದಲ್ಲಿ, ಹೆಚ್ಚಾಗಿ ಡೆನ್ವರ್ ಕಡೆಯಿಂದ ಹೋಗಲು ಸುಲಭವಾದ ಘಟ್ಟದ ದಾರಿ ಬರ್ಥಡ್ ಪಾಸ್‌ನಲ್ಲಿ. 11,307 ಅಡಿ ಎತ್ತರದ ಆ ಜಾಗದಲ್ಲಿ ಒಂದು ಕಾಲಕ್ಕೆ ಸ್ಕೀ ರೆಸಾರ್ಟ್ ಇತ್ತು. ಈಗ ಲಿಫ್ಟೂ ಇಲ್ಲ, ಟಿಕೆಟ್ಟೂ ಇಲ್ಲ.

ಸ್ನೋಶೂ ಅಗ್ಗ, ಕಲಿಯುವುದಕ್ಕೇನೂ ಇಲ್ಲ. ಅದರ ಗುಣಗಾನ ಅಲ್ಲಿಗೆ ಮುಗಿಯಿತು. ಇಲ್ಲಿನ ತೆಳು ಹಿಮ ಒಣಚಳಿಗೆ ತಳದಲ್ಲಿ ಹರಳುಗಟ್ಟುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಸ್ನೋಶೂ ಇಟ್ಟರೆ ರವೆ ಮೂಟೆಯೊಳಗೆ ಕಾಲಿಟ್ಟ ಹಾಗೆ: ಮೊಣಕಾಲವರೆಗೆ ಇಳಿದು, ಎತ್ತಿ, ಮತ್ತೆ ಇಳಿಯುವುದು. ಬೆನ್ನ ಮೇಲಿನ ಬೋರ್ಡ್ ಪ್ರತಿ ಕೊಂಬೆಗೂ ತಗುಲುತ್ತದೆ, ಗಾಳಿ ಬೀಸಿದರೆ ಪಕ್ಕಕ್ಕೆ ಎಳೆಯುತ್ತದೆ. ಸ್ಕೀಯವರು ತುಳಿದಿಟ್ಟ ನುಣುಪು ದಾರಿಯಲ್ಲಾದರೂ ಹೋಗೋಣವೆಂದರೆ, ಸ್ನೋಶೂ ಅದರಲ್ಲಿ ಗುಂಡಿ ಬೀಳಿಸುತ್ತದೆ. “ಗುರೂ, ಸ್ವಲ್ಪ ಪಕ್ಕದಲ್ಲಿ ನಡಿಯೋ” ಎಂದು ಜೊತೆಗಿದ್ದ ಹಾಸನದ ಗೆಳೆಯನೇ ಹೇಳಿದ. ಅವನು ಹೇಳಿದ್ದು ನ್ಯಾಯವೇ. ಆದರೆ ಪಕ್ಕದಲ್ಲಿ ನಡೆಯುವುದೆಂದರೆ ಮತ್ತದೇ ರವೆ.

ಸ್ಪ್ಲಿಟ್‌ಬೋರ್ಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ತಳಕ್ಕೆ ಸ್ಕಿನ್ (ಮುಂದಕ್ಕೆ ಜಾರುವ, ಹಿಂದಕ್ಕೆ ಜಾರದ ಪಟ್ಟಿ) ಅಂಟಿಸಿದರೆ ಅಗಲದ ಸ್ಕೀ. ಕಾಲು ಎತ್ತುವ ಗೋಜಿಲ್ಲ, ಜಾರಿಸುತ್ತ ಹೋದರಾಯಿತು. ಭಾರ ಕಾಲಡಿ ಇರುತ್ತದೆ, ಬೆನ್ನು ಹಗುರ.

ತಲೆನೋವು ಇರುವುದು ಮೇಲೆ ತಲುಪಿದ ಮೇಲೆ. ಹೋಳುಗಳನ್ನು ಕೂಡಿಸಿ, ಬೋರ್ಡಿಗೆ ಸ್ಕ್ರೂ ಮಾಡಿರುವ ‘ಪಕ್’ ಎಂಬ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಬೈಂಡಿಂಗನ್ನು (ಬೂಟನ್ನು ಬೋರ್ಡಿಗೆ ಹಿಡಿದಿಡುವ ಕಟ್ಟು) ಜಾರಿಸಿ ಕೂರಿಸಬೇಕು. ಹತ್ತುವಾಗ ಅದೇ ಬಿಲ್ಲೆಗಳ ಸುತ್ತ ಹಿಮ ತುಳಿದು ತುಳಿದು ಐಸ್ ಆಗಿರುತ್ತದೆ. ಬೈಂಡಿಂಗ್ ಅರ್ಧ ಹೋಗಿ ನಿಲ್ಲುತ್ತದೆ. ಗುದ್ದಿದರೂ ಇಲ್ಲ, ಬೈದರೂ ಇಲ್ಲ. ಗ್ಲೌಸ್ ತೆಗೆದು ಉಗುರಲ್ಲಿ ಕೆರೆಯುತ್ತ ಕೂತರೆ ಬೆರಳು ಮರಗಟ್ಟುತ್ತದೆ. ಸ್ಕೀ ಗೆಳೆಯರು ಅಷ್ಟರಲ್ಲಿ ಸ್ಕಿನ್ ಕಿತ್ತು ಮಡಚಿ, ಚಾಕೊಲೇಟ್ ತಿಂದು, ನನ್ನ ಮುಖ ನೋಡುತ್ತಿರುತ್ತಾರೆ. ಬೆವರು ಆರಿದ ಮೈಗೆ ಆ ಗಾಳಿಯಲ್ಲಿ ಕಾಯುವುದು ಅವರಿಗೂ ಹಿಂಸೆ.

ಮನೆಯಲ್ಲೇ ಬಿಲ್ಲೆಗಳಿಗೆ ಮೇಣ ಉಜ್ಜಿ ಹೊರಟರೆ ಐಸ್ ಕಚ್ಚುವುದು ಕಡಿಮೆ. ಗಟ್ಟಿ ಪ್ಲಾಸ್ಟಿಕ್ ಸ್ಕ್ರೇಪರ್ ಬ್ಯಾಗಿನ ತಳದಲ್ಲಲ್ಲ, ಜಾಕೆಟ್ ಜೇಬಿನಲ್ಲೇ ಇರಲಿ. ಬೈಂಡಿಂಗಿನ ಅಡಿಯನ್ನೂ ಕೆರೆಯಿರಿ. ನಾವು ಬಿಲ್ಲೆಯನ್ನಷ್ಟೇ ನೋಡುತ್ತಿರುತ್ತೇವೆ. ಇಷ್ಟಾದರೂ ಒದ್ದೆ ಹಿಮದ ದಿನ ಬೈಂಡಿಂಗ್ ಕೈಕೊಡುತ್ತದೆ.

ಬೂಟು ರೆಸಾರ್ಟಿನಲ್ಲಿ ಹಾಕುವಂಥದ್ದೇ ಸಾಕು. ಹತ್ತುವಾಗ ಊರುವ ಕೋಲು ಮಾತ್ರ ಮೂರು ತುಂಡಾಗಿ ಮಡಚುವಂಥದ್ದೇ ಬೇಕು. ಇಳಿಯುವಾಗ ಅದು ಬ್ಯಾಗಿಗೆ ಹೋಗಬೇಕಲ್ಲ. ಗಿಡ್ಡ ಸ್ಕೀ ಹಾಕಿ ಹತ್ತಿ, ಬೋರ್ಡ್ ಹೊತ್ತುಕೊಳ್ಳುವ ಮೂರನೇ ದಾರಿಯೂ ಇದೆ. ಅದರಲ್ಲೂ ಬೆನ್ನ ಮೇಲಿನ ಹೊರೆ ತಪ್ಪುವುದಿಲ್ಲವಾದ್ದರಿಂದ ನಾನು ಆ ಕಡೆ ತಲೆ ಹಾಕಲಿಲ್ಲ.

ಹೊಸ ಸ್ಪ್ಲಿಟ್‌ಬೋರ್ಡ್, ಬೈಂಡಿಂಗ್, ಸ್ಕಿನ್ ಎಲ್ಲ ಸೇರಿದರೆ ಸಾವಿರ ಡಾಲರ್ ಸಲೀಸಾಗಿ ದಾಟುತ್ತದೆ. ನನ್ನ ಲೆಕ್ಕ ಬೇರೆ: ಬೋರ್ಡ್ ಹಳೆಯದಿರಲಿ, ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ಬೀಕನ್ ಮಾತ್ರ ಹೊಸದೇ, ಮೂರು ಆಂಟೆನಾದ್ದೇ. ಜೊತೆಗೆ ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್, ಲೋಹದ ಸಲಿಕೆ, ಹಿಮಕುಸಿತದ ಬಗೆಗಿನ ಮೊದಲ ಹಂತದ ಕೋರ್ಸ್. ಬರ್ಥಡ್‌ನ ಚೆಂದದ ಇಳಿಜಾರುಗಳಲ್ಲಿ ಬಹಳಷ್ಟು 30 ಡಿಗ್ರಿಗಿಂತ ಕಡಿದಾದವು. ಹಿಮ ಕುಸಿಯುವುದೂ ಅಲ್ಲೇ. ಈ ಬಾಬತ್ತಿಗೆ ದುಡ್ಡು ಸಾಲದಿದ್ದರೆ ಬೋರ್ಡ್ ಖರೀದಿಯನ್ನೇ ಮುಂದಿನ ವರ್ಷಕ್ಕೆ ಹಾಕಿ.

ವರ್ಷಕ್ಕೆ ಒಂದೆರಡು ಸಲ, ಅದೂ ಸಣ್ಣ ಗುಡ್ಡಕ್ಕೆ ಹೋಗುವವರಿಗೆ ಬಾಡಿಗೆ ಸ್ನೋಶೂ ಸಾಕು. ವಾರಾಂತ್ಯ ಬಂತೆಂದರೆ ಕಾರು ಹತ್ತುವ ನನ್ನಂಥವರು ಹಳೆಯ ಸ್ಪ್ಲಿಟ್‌ಬೋರ್ಡ್ ಹುಡುಕಲಿ. ನೋಡಲು ಹೋದಾಗ ಹೋಳುಗಳನ್ನು ಕೂಡಿಸಿ ಅಲುಗಾಡಿಸಿ. ನಡುವೆ ಸಡಿಲವಿದ್ದರೆ, ಸ್ಕಿನ್ನಿನ ಅಂಟು ಕೈಗೆ ಹತ್ತಿದರೆ, ಬೆಲೆ ಇಳಿಸಲು ಕೇಳಿ.