ಶೆಲ್‌ಚೆಕ್: ಮೂರು ವರ್ಷ ದಿನಾ ಬಳಸಿದ ಮೇಲೆ

ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ, ಬ್ಯಾಶ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಅದನ್ನು ಓಡಿಸುವ ಪ್ರೋಗ್ರಾಂ ಬ್ಯಾಶ್) ಮುಟ್ಟದ ದಿನವೇ ಇಲ್ಲ. ಅಂಥ ಸ್ಕ್ರಿಪ್ಟನ್ನು ಓಡಿಸದೆಯೇ ಅದರ ತಪ್ಪುಗಳನ್ನು ತೋರಿಸುವ ಟೂಲ್ ಶೆಲ್‌ಚೆಕ್. ಮೊದಲೆಲ್ಲ ಸ್ಕ್ರಿಪ್ಟ್ ಬರೆದು ಮುಗಿದ ಮೇಲೆ ಬ್ಯಾಶ್‌ಗೆ ಮೈನಸ್ ಎನ್ (-n) ಅನ್ನೋ ಆಯ್ಕೆ ಹಾಕಿ ಒಮ್ಮೆ ನೋಡುತ್ತಿದ್ದೆ. ಅದು ಫೈಲನ್ನು ಓದುತ್ತದೆ ಅಷ್ಟೇ, ಕಮಾಂಡುಗಳನ್ನು ಓಡಿಸುವುದಿಲ್ಲ. ಎಲ್ಲೋ ಇಫ್ ಮುಗಿಸುವ 'ಫಿ' ಅಥವಾ ಲೂಪ್ ಮುಗಿಸುವ 'ಡನ್' ಬಿಟ್ಟುಹೋಗಿದ್ದರೆ ಹೇಳುತ್ತದೆ. ಸುಮ್ನೆ ಇದ್ದರೆ ಎಲ್ಲ ಸರಿಯಿದೆ ಅಂತ ನಂಬಿದ್ದೆ.

ಆ ನಂಬಿಕೆ ಒಂದು ರಾತ್ರಿ ಕೈಕೊಟ್ಟಿತು. ಬ್ಯಾಕಪ್ ಫೋಲ್ಡರಿಗೆ ಸಿಡಿ ಮಾಡಿ (ಅಂದರೆ cd ಕಮಾಂಡಿನಿಂದ ಆ ಫೋಲ್ಡರಿನೊಳಗೆ ಹೋಗಿ) ಹಳೇ ಫೈಲುಗಳನ್ನು ಅಳಿಸುವ ಸ್ಕ್ರಿಪ್ಟ್ ಅದು. ಅವತ್ತು ಆ ಫೋಲ್ಡರ್ ಇರುವ ಡಿಸ್ಕ್ ಮೌಂಟ್ ಆಗಿರಲಿಲ್ಲ, ಅಂದರೆ ಸಿಸ್ಟಮ್ಮಿಗೆ ಜೋಡಣೆಯಾಗಿರಲಿಲ್ಲ, ಸಿಡಿ ಫೇಲ್ ಆಯಿತು, ಆದರೆ ಬ್ಯಾಶ್ ನಿಲ್ಲಲಿಲ್ಲ, ಮುಂದಿನ ಸಾಲಿಗೆ ಹೋಗಿ ನನ್ನ ಹೋಮ್ ಫೋಲ್ಡರಿನ ಫೈಲುಗಳನ್ನೇ ಅಳಿಸಿತು. ಮರುದಿನ ಅದೇ ಸ್ಕ್ರಿಪ್ಟನ್ನು ಶೆಲ್‌ಚೆಕ್‌ಗೆ ಕೊಟ್ಟೆ. ಸಿಡಿ ಇರುವ ಸಾಲಿನ ಕೆಳಗೇ ಎಸ್‌ಸಿ2164 ಅನ್ನೋ ಎಚ್ಚರಿಕೆ ಕೋಡ್ ಬಂತು: ಸಿಡಿ ಆಗದಿದ್ದರೆ ಎಗ್ಸಿಟ್ ಆಗುವಂತೆ ಬರಿ ಅಂತ. ಒಂದು ದಿನ ಮೊದಲು ನೋಡಿದ್ದರೆ ಸಾಕಿತ್ತು.

ಇನ್ನೊಂದು ನೋಡಿ. ಇಫ್ ಷರತ್ತಿನಲ್ಲಿ ಕೊನೆಯ ಚೌಕ ಬ್ರಾಕೆಟ್ಟಿಗೆ ಮೊದಲು ಸ್ಪೇಸ್ ಬಿಟ್ಟಿಲ್ಲ ಅಂದುಕೊಳ್ಳಿ. ಮೈನಸ್ ಎನ್ ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ಬ್ಯಾಶ್‌ಗೆ ಆ ತೆರೆಯುವ ಬ್ರಾಕೆಟ್ ಕೂಡ ಒಂದು ಕಮಾಂಡ್, ಅದರ ಮುಂದೆ ಇರುವುದೆಲ್ಲ ಬರೀ ಆರ್ಗ್ಯುಮೆಂಟ್, ಅಂದರೆ ಆ ಕಮಾಂಡಿಗೆ ಕೊಟ್ಟ ಪದಗಳು. ಓಡಿಸಿದಾಗಲೇ ಗೊತ್ತಾಗುವುದು. ಶೆಲ್‌ಚೆಕ್ ಮಾತ್ರ ಬೆರಳಿಟ್ಟು ತೋರಿಸುತ್ತದೆ.

ವಿದಾರ್ ಹೋಲೆನ್ ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಉಚಿತ ಟೂಲ್ ಇದು. ಉಬುಂಟುವಿನಲ್ಲಿ ಆಪ್ಟ್ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. ನನಗೆ ಜಾಸ್ತಿ ಇಷ್ಟವಾದದ್ದು ಅದರ ವಿಕಿ. ಒಂದೊಂದು ಕೋಡಿಗೂ ಒಂದು ಪುಟ, ತಪ್ಪು ಸಾಲು, ಸರಿಯಾದ ಸಾಲು, ಯಾಕೆ ಅನ್ನೋದು, ಎಲ್ಲ ಇದೆ. ವೇರಿಯಬಲ್ಲಿಗೆ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಡಬಲ್ ಕೋಟ್ ಯಾಕೆ ಹಾಕಬೇಕು ಅಂತ ನಾನು ನಿಜವಾಗಿ ಕಲಿತದ್ದು ಎಸ್‌ಸಿ2086ರ ಪುಟದಲ್ಲಿ.

ಕಿರಿಕಿರಿಯೂ ಇದೆ. ಹಳೇ ಸ್ಕ್ರಿಪ್ಟ್ ಕೊಟ್ಟರೆ ಪರದೆ ತುಂಬ ಎಚ್ಚರಿಕೆಗಳು. ಮೊದಲು ಸಿವಿಯಾರಿಟಿಯನ್ನು (ಎಷ್ಟು ಗಂಭೀರವಾದ ತಪ್ಪು ತೋರಿಸಬೇಕು ಅನ್ನೋ ಮಟ್ಟ) ಎರರ್‌ಗೆ ಇಟ್ಟು ಅಷ್ಟನ್ನು ಸರಿಮಾಡಿ, ಆಮೇಲೆ ಉಳಿದದ್ದು. ಬೇರೆ ಫೈಲಿನಲ್ಲಿ ಬಳಸುವ ವೇರಿಯಬಲ್ಲನ್ನು ಯಾರೂ ಬಳಸಿಲ್ಲ ಅನ್ನುತ್ತದೆ. ಅಂಥ ಕಡೆ ಆ ಎಚ್ಚರಿಕೆಯನ್ನು ಸುಮ್ಮನಾಗಿಸುವ ಡಿಸೇಬಲ್ ಕಾಮೆಂಟ್ ಹಾಕುತ್ತೇನೆ, ಪಕ್ಕದಲ್ಲೇ ಕಾರಣವನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಯಾಕೆ ಹಾಕಿದ್ದು ಅಂತ ನನಗೇ ನೆನಪಿರುವುದಿಲ್ಲ. ಜೆಡ್‌ಶೆಲ್‌ನಲ್ಲೇ (zsh, ಬ್ಯಾಶ್‌ನಂತೆ ಕಮಾಂಡ್ ಓಡಿಸುವ ಇನ್ನೊಂದು ಶೆಲ್) ಬರೆಯುವವರಿಗೆ ಇದು ಆಗಿಬರುವುದಿಲ್ಲ, ಎಸ್‌ಎಚ್, ಬ್ಯಾಶ್, ಡ್ಯಾಶ್, ಕೆಎಸ್‌ಎಚ್ ಇಂಥ ಶೆಲ್‌ಗಳಿಗಷ್ಟೇ.

ಈಗ ನಮ್ಮ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಟೂಲ್) ಪ್ರತಿ ಕಮಿಟ್‌ಗೆ, ಅಂದರೆ ಬದಲಾವಣೆ ದಾಖಲಿಸುವುದಕ್ಕೆ ಮೊದಲು ಇದು ತಾನಾಗಿ ಓಡುತ್ತದೆ. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ.