ಪೊಲೀಸ್ ಕ್ಯಾಮೆರಾ ಹಾಕಿಸುತ್ತೇವೆಂದು ಮನೆ ಮನೆಗೆ ಬರುವವರಿಗೆ ದುಡ್ಡನ್ನೂ ಕೊಡಬೇಡಿ, ವಿವರವನ್ನೂ ಕೊಡಬೇಡಿ

ಅಡಿಕೆ ಬೆಳೆಯುವ ಊರಿನವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಕೊಯ್ಲಿನ ಕಾಲದಲ್ಲಿ ಠಾಣೆಯ ಹೆಸರು ಹೇಳಿಕೊಂಡು, ಊರಿನ ರಕ್ಷಣೆಗೆ ಕ್ಯಾಮೆರಾ ಹಾಕಿಸುತ್ತೇವೆ, ರಾತ್ರಿ ಕಾವಲಿಗೆ ಜನ ಇಡುತ್ತೇವೆ ಎಂದು ಯಾರಾದರೂ ನಿಮ್ಮ ಅಂಗಳಕ್ಕೆ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವರು ಮುಂದೆ ಹಿಡಿಯುವ ನಮೂನೆಯನ್ನಂತೂ ಯಾವ ಕಾರಣಕ್ಕೂ ತುಂಬಬೇಡಿ. ನಾವು ಎರಡನ್ನೂ ಮಾಡಿದೆವು. ನಮ್ಮ ಊರಿನ 27 ಮನೆಗಳಲ್ಲಿ 23 ಮನೆಯವರು ತಲಾ 3,500 ರೂಪಾಯಿಯಂತೆ ಒಟ್ಟು 80,500 ರೂಪಾಯಿ ಕೊಟ್ಟರು, ಮತ್ತು ಅವರಲ್ಲಿ ಹೆಚ್ಚಿನವರು ಕೊಟ್ಟಿದ್ದು ನನ್ನ ಮಾತು ನಂಬಿ.

ದೀಪಾವಳಿ ಕಳೆದು ಎರಡು ವಾರವಾಗಿತ್ತು, ಅಡಿಕೆ ಗೊನೆಯ ಕೊಯ್ಲು ಶುರುವಾಗಿತ್ತು. ಸುಲಿದು ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿದ ಮೇಲೆ ಅದು ಒಣಗುವವರೆಗೆ ಮನೆಯವರಿಗೆ ನಿದ್ದೆ ಇರುವುದಿಲ್ಲ ಎಂಬುದು ನಿಮಗೂ ಗೊತ್ತಿರುವ ವಿಷಯ. ಹೀಗೆ ಬೇಯಿಸಿ ಒಣಗಿಸಿದ ‘ರಾಶಿ’ ಅಡಿಕೆಯ ಧಾರಣೆ ಕ್ವಿಂಟಲಿಗೆ 50,000 ರೂಪಾಯಿ ದಾಟಿದ ಮೇಲೆ ಕಳ್ಳರ ಕಾಟವೂ ಹೆಚ್ಚಾಗಿದೆ. ಆ ಭಯವನ್ನು ಸರಿಯಾಗಿ ಲೆಕ್ಕ ಹಾಕಿಕೊಂಡೇ ಅವರಿಬ್ಬರು ಬಂದರು. ಒಬ್ಬ ಖಾಕಿ ಪ್ಯಾಂಟ್ ತೊಟ್ಟು ಪೊಲೀಸರಂತೆ ತಲೆಗೂದಲು ಕತ್ತರಿಸಿಕೊಂಡಿದ್ದ, ಇನ್ನೊಬ್ಬನ ಕೊರಳಲ್ಲಿ ಗುರುತಿನ ಚೀಟಿ ಇತ್ತು, ಕೈಯಲ್ಲಿದ್ದ ಕಡತದ ಮೇಲೆ ದುಂಡನೆಯ ನೀಲಿ ಮೊಹರು ಇತ್ತು. ಮೊಹರಿನ ಅಕ್ಷರ ಓದಲು ಬರುವಂತಿರಲಿಲ್ಲ, ನಾನೂ ಓದಲು ಹೋಗಲಿಲ್ಲ. ಪೊಲೀಸರೇ ಮನೆ ಬಾಗಿಲಿಗೆ ಬಂದು ಜನರ ಅಹವಾಲು ಕೇಳುವ, 2025ರ ಜುಲೈಯಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಬಗ್ಗೆ ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೆವು. ಇವರು ಅದರ ಹೆಸರನ್ನೇ ಹೇಳಿ, ಅದರ ಮುಂದಿನ ಹಂತವಾಗಿ ಪ್ರತಿ ಹಳ್ಳಿಗೂ ಮೂರು ಕ್ಯಾಮೆರಾ ಮತ್ತು ಒಬ್ಬ ಕಾವಲುಗಾರ ಬರುತ್ತಾನೆ, ಅರ್ಧ ಖರ್ಚು ಇಲಾಖೆಯದು, ಅರ್ಧ ಊರಿನವರದು ಎಂದರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಸಹಕಾರ ಸಂಘವೊಂದರಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ಬರೆದವನು. ಅವರು ಕೊಟ್ಟ ರಸೀದಿಯಲ್ಲಿ ಕ್ರಮಸಂಖ್ಯೆ ಇಲ್ಲದಿದ್ದುದು ನನ್ನ ಕಣ್ಣಿಗೆ ಬಿತ್ತು. ದುಡ್ಡು ಹಾಕಲು ತೋರಿಸಿದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಇಲಾಖೆಯ ಹೆಸರು ಬರದೆ ಯಾರದೋ ವ್ಯಕ್ತಿಯ ಹೆಸರು ಬಂದದ್ದೂ ಕಣ್ಣಿಗೆ ಬಿತ್ತು. ಕೇಳಿದೆ ಕೂಡ. ಅದಕ್ಕೆ ಆ ಗುರುತಿನ ಚೀಟಿಯವನು ಒಂದು ಕ್ಷಣವೂ ತಡವರಿಸದೆ, “ಇಲಾಖೆ ಖಾತೆಗೆ ಹಾಕಿದರೆ ಆಡಿಟ್ ಆಗಿ ಕೆಲಸ ಶುರುವಾಗೋಕೆ ಆರು ತಿಂಗಳು ಬೇಕು ಸರ್, ನಿಮಗೆ ಗೊತ್ತಿಲ್ಲದ್ದೇನು? ಅಷ್ಟರಲ್ಲಿ ಕೊಯ್ಲೇ ಮುಗಿದಿರುತ್ತೆ. ಅದಕ್ಕೇ ಗುತ್ತಿಗೆದಾರರ ಖಾತೆ” ಎಂದ. ‘ನಿಮಗೆ ಗೊತ್ತಿಲ್ಲದ್ದೇನು’ ಎಂಬ ಆ ಒಂದು ಮಾತಿಗೆ ನಾನು ತಲೆಯಾಡಿಸಿಬಿಟ್ಟೆ. ಬೇರೆಯವರ ಲೆಕ್ಕದಲ್ಲಿ ಇಂಥದ್ದು ಕಂಡಿದ್ದರೆ ಒಂದು ಪೈಸೆಯನ್ನೂ ಮಂಜೂರು ಮಾಡುತ್ತಿರಲಿಲ್ಲ. ಈಗಲೂ ರಾತ್ರಿ ಆ ಮಾತು ನೆನಪಾದರೆ ಎದ್ದು ಕೂರುತ್ತೇನೆ.

ಪಕ್ಕದ ಮನೆಯ ಹುಡುಗಿ, ಕಾಲೇಜಿಗೆ ಹೋಗುವವಳು, “ದೊಡ್ಡಪ್ಪ, ಠಾಣೆಗೆ ಒಂದು ಫೋನ್ ಮಾಡಿ ಕೇಳಿದ್ರಾ?” ಎಂದು ಎಲ್ಲರೆದುರು ಕೇಳಿದಳು. ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಗದರಿಸಿ ಒಳಗೆ ಕಳಿಸಿದೆ. ದುಡ್ಡು ಕೊಡದ ನಾಲ್ಕು ಮನೆಗಳಲ್ಲಿ ಅವಳ ಮನೆಯೂ ಒಂದು. ರಾಜ್ಯದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದ ಮೇಲೆ ನಮ್ಮ ಊರಿಗೂ ಒಬ್ಬರು ಗಸ್ತಿನ ಪೊಲೀಸ್ ಇದ್ದಾರೆ, ಶಾಲೆಯ ಜಗಲಿಯಲ್ಲಿ ಸಭೆ ಮಾಡಿ ತಮ್ಮ ಮೊಬೈಲ್ ಸಂಖ್ಯೆ ಕೊಟ್ಟು ಹೋಗಿದ್ದಾರೆ, ಆ ಸಂಖ್ಯೆ ನನ್ನ ಫೋನಿನಲ್ಲಿ ಇತ್ತು. ಒಂದು ಕರೆ ಮಾಡಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಮಾಡಲಿಲ್ಲ.

ಕ್ಯಾಮೆರಾ ಬಂತು. ಮೂರರ ಬದಲು ಒಂದು. ಬಸ್ ತಂಗುದಾಣದ ಕಂಬಕ್ಕೆ ಬಿಗಿದರು, ಅದರಲ್ಲಿ ಕೆಂಪು ದೀಪ ಮಿಣುಕುತ್ತಿತ್ತು, ನಾವು ಸಮಾಧಾನಪಟ್ಟೆವು. ಉಳಿದ ಎರಡರ ಬಗ್ಗೆ ಕೇಳಿದಾಗಲೆಲ್ಲ “ಸ್ಟಾಕ್ ಬಂದಿಲ್ಲ ಸರ್, ಸೋಮವಾರ ಬರುತ್ತೆ” ಎನ್ನುತ್ತಿದ್ದರು. ಕಾವಲುಗಾರನ ಬಗ್ಗೆ ಕೇಳಿದರೆ “ಒಂದನೇ ತಾರೀಖಿನಿಂದ” ಎನ್ನುತ್ತಿದ್ದರು. 19ನೇ ದಿನ ಬೆಳಿಗ್ಗೆ ಊರಿನ ಕೊನೆಯ ಮನೆಯ ಅಂಗಳದಿಂದ ಒಂದೂವರೆ ಕ್ವಿಂಟಲ್‌ನಷ್ಟು ಅಡಿಕೆ ಹೋಗಿತ್ತು. ಆ ಮನೆಯವರು ಹಿಂದಿನ ರಾತ್ರಿ ಮದುವೆಗೆ ಹೋಗಿದ್ದರು. ಕ್ಯಾಮೆರಾ ನೋಡೋಣವೆಂದು ಏಣಿ ಹಾಕಿ ಹತ್ತಿದ ಹುಡುಗ ಮೇಲಿನಿಂದಲೇ ಕೂಗಿದ. ಒಳಗೆ ಮೆಮೊರಿ ಕಾರ್ಡೇ ಇಲ್ಲ. ಕಂಬದ ಉದ್ದಕ್ಕೂ ಮೊಳೆ ಹೊಡೆದು ಇಳಿಸಿದ್ದ ಕಪ್ಪು ವೈರನ್ನು ನಾನೇ ಹಿಡಿದು ಎಳೆದೆ, ಅದು ಮಣ್ಣಿನೊಳಗೆ ಒಂದು ಗೇಣು ಹೋಗಿ ಅಲ್ಲಿಗೆ ಮುಗಿದಿತ್ತು. ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಆ ಕೆಂಪು ದೀಪಕ್ಕೆ ಒಳಗೆ ಒಂದು ಸೆಲ್ ಹಾಕಿದ್ದರು, ಅಷ್ಟೇ. ಮಣ್ಣು ಮೆತ್ತಿದ ಆ ವೈರಿನ ತುದಿ ಕೈಯಲ್ಲಿ ಹಿಡಿದು ನಿಂತಾಗ, ಸುತ್ತ ನಿಂತವರು ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು.

ಆಮೇಲೆ ನೆನಪಾದದ್ದು ಆ ನಮೂನೆ. ಮನೆಯಲ್ಲಿ ಎಷ್ಟು ಜನ, ಗಂಡಸರು ಎಷ್ಟು, ನಾಯಿ ಇದೆಯೇ, ಅಡಿಕೆ ಎಲ್ಲಿ ಒಣಗಿಸುತ್ತೀರಿ, ಮುಂದಿನ ಎರಡು ತಿಂಗಳಲ್ಲಿ ಮನೆಗೆ ಬೀಗ ಹಾಕಿ ಹೋಗುವ ದಿನಗಳು ಯಾವುವು ಎಂದೆಲ್ಲ ಅದರಲ್ಲಿ ಕೇಳಿತ್ತು. ಕಳ್ಳತನವಾದ ಮನೆಯವರು ಮದುವೆಯ ತಾರೀಖನ್ನು ಅದರಲ್ಲಿ ಬರೆದಿದ್ದರು. ಬರೆಯಲು ಅವರಿಗೆ ಪೆನ್ನು ಕೊಟ್ಟವನು ನಾನು. ಕಳ್ಳತನ ಮಾಡಿದ್ದು ಇವರೇ ಎಂಬುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಊರಿನ ಗುಟ್ಟನ್ನೆಲ್ಲ ನಾವೇ ಬರೆದು, ಕೆಳಗೆ ಸಹಿ ಹಾಕಿ, ಗುರುತಿಲ್ಲದವರ ಕೈಗೆ ಕೊಟ್ಟದ್ದು ನಿಜ.

ಆ ಗುರುತಿನ ಚೀಟಿಯವನಿಗೆ ಫೋನ್ ಮಾಡಿದೆ. ಮೊದಲು “ಟೆಕ್ನಿಷಿಯನ್ ಮರೆತಿರಬೇಕು ಸರ್” ಎಂದ. ಗದರಿಸಿದಾಗ ದನಿ ಬದಲಾಯಿತು. “ಪಟ್ಟಿ ಮಾಡಿದವರು ನೀವು, ಮನೆ ಮನೆಯಿಂದ ದುಡ್ಡು ಎತ್ತಿಸಿದವರು ನೀವು, ಪಟ್ಟಿಯ ಕೆಳಗೆ ಸಹಿ ನಿಮ್ಮದು. ಕಂಪ್ಲೇಂಟ್ ಕೊಡಿ, ಮೊದಲು ನಿಮ್ಮ ಹೆಸರೇ ಬರುತ್ತೆ” ಎಂದು ಫೋನ್ ಇಟ್ಟ. ಆ ಸಂಖ್ಯೆ ಈಗ ಸ್ವಿಚ್ ಆಫ್. ಆ ಬೆದರಿಕೆಗೆ ಹೆದರಿ ಎರಡು ದಿನ ಸುಮ್ಮನಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಠಾಣೆಗೆ ಹೋದಾಗ ಮೇಜಿನ ಹಿಂದೆ ಇದ್ದವರು, ನೀವಾಗಿಯೇ ಕೊಟ್ಟ ದುಡ್ಡು, ಇದು ಸಿವಿಲ್ ವ್ಯವಹಾರ, ವಕೀಲರನ್ನು ನೋಡಿ ಎಂದು ಕಳಿಸಲು ನೋಡಿದರು. ಹಾಗೆ ಹೇಳಿದರೆ ಎದ್ದು ಬರಬೇಡಿ. ಪೊಲೀಸರೆಂದು ನಟಿಸುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನ ಅಪರಾಧ, ಮೋಸ ಮಾಡಿ ದುಡ್ಡು ಕೀಳುವುದು 318ನೇ ಕಲಮಿನ ಅಪರಾಧ. ಇಂಥ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಬಹುದು. ಈ ಮಾತನ್ನು ಹೇಳಿಕೊಟ್ಟವರು ನಮ್ಮ ಗಸ್ತಿನ ಪೊಲೀಸರೇ. ಅವರು ನನ್ನನ್ನು ಹೊರಗೆ ಕರೆದು, “ಠಾಣೆಯವರು ಯಾವತ್ತಾದರೂ ಮನೆ ಮನೆಗೆ ಬಂದು ದುಡ್ಡು ಎತ್ತಿದ್ದು ನೋಡಿದ್ದೀರಾ ಸರ್? ನನ್ನನ್ನು ಒಂದು ಮಾತು ಕೇಳಬಾರದಿತ್ತಾ?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಎಫ್‌ಐಆರ್ ಆಗಿದೆ, ಪ್ರತಿ ಉಚಿತವಾಗಿ ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಹಾಕಿ ಮೋಸ ಹೋದವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾನು ಮಾಡಿದ್ದು ಮೂರು ವಾರದ ಮೇಲೆ, ಆ ಖಾತೆ ಅಷ್ಟರಲ್ಲಿ ಖಾಲಿ. ಯಾರೇ ಬರಲಿ, ಅವರನ್ನು ಜಗಲಿಯಲ್ಲಿ ಕೂರಿಸಿ, ಅವರೆದುರೇ ಠಾಣೆಗೋ 112ಕ್ಕೋ ಕರೆ ಮಾಡಿ. ಬೀಗ ಹಾಕಿ ಹೋಗುವ ವಿಷಯವನ್ನು ಗಸ್ತಿನವರಿಗೆ ನೀವೇ ತಿಳಿಸಿ, ಕಾಗದದಲ್ಲಿ ಬರೆದು ಯಾರಿಗೂ ಕೊಡಬೇಡಿ.

ಈಗ ನಾನು 23 ಮನೆಗಳಿಗೂ ಮತ್ತೆ ಹೋಗಿ, ಆ ನಮೂನೆಯಲ್ಲಿ ಯಾರು ಯಾವ ತಾರೀಖು ಬರೆದಿದ್ದರೆಂದು ಕೇಳಿ ಪಟ್ಟಿ ಮಾಡಿ ಗಸ್ತಿನವರಿಗೆ ಕೊಡುತ್ತಿದ್ದೇನೆ. 14 ಮನೆ ಮುಗಿದಿದೆ. ಒಂಬತ್ತು ಮನೆ ಬಾಕಿ ಇದೆ, ಅದರಲ್ಲಿ ಎರಡು ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನಿಮ್ಮ ಊರಿನಲ್ಲಿಯೂ ಇಂಥ ನಮೂನೆ ತುಂಬಿಸಿಕೊಂಡು ಹೋಗಿದ್ದರೆ, ದುಡ್ಡಿನ ಮಾತು ಆಮೇಲೆ ಇರಲಿ, ನೀವು ಬರೆದುಕೊಟ್ಟ ಆ ದಿನಗಳಲ್ಲಿ ಮನೆ ಬಿಟ್ಟು ಹೋಗಬೇಡಿ.